ಋತುವರ್ಣನೆಯೂ ಋತುಚರ್ಯೆಯೂ

ಈ ಸ್ಮರಣ ಸಂಚಿಕೆಗಾಗಿ ಒಂದು ವಿಮರ್ಶಾ ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಪದಾಧಿಕಾರಿಗಳು ಕೇಳಿದಾಗ, ಅವರು ನಮ್ಮಿಂದ ಕುಮಾರವ್ಯಾಸನನ್ನೋ ಹರಿಹರನನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದಿರಬೇಕು. ನಿವೃತ್ತ ಮುಖ್ಯೋಪಾಧ್ಯಾಯರಿಂದ ಯಾರಾದರೂ ನಿರೀಕ್ಷಿಸುವುದು ಅದನ್ನೇ. ಆದರೆ ಈ ಸಲ ನಾವು ಜಪಾನ್ ದೇಶದ ಚಹಾವಿಧಿಯನ್ನು ಕುರಿತ ಎರಡು ಪುಸ್ತಕಗಳನ್ನು ಕೈಗೆತ್ತಿಕೊಂಡಿದ್ದೇವೆ. ರಾಗಿ, ಕಡಲೆಕಾಯಿ, ಹುಣಿಸೆಗಳ ಊರಾದ ಅಗಳಿಯಲ್ಲಿ ಕುಳಿತವರಿಗೆ ಜಪಾನಿನ ಚಹಾದ ಗೊಡವೆ ಏತಕ್ಕೆಂದು ಕೆಲವರು ಹುಬ್ಬೇರಿಸಬಹುದು. ಆ ಪುಸ್ತಕಗಳು ನಮ್ಮನ್ನು ಕರೆದೊಯ್ದದ್ದು ಜಪಾನಿಗಲ್ಲ, ನಾವು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಕನ್ನಡ ತರಗತಿಗೆ, ಅಲ್ಲಿ ನಾವು ಸರಿಯಾಗಿ ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆಗೆ. ಆದ್ದರಿಂದ ಮೊದಲು ಆ ಪ್ರಶ್ನೆಯನ್ನೇ ವಾಚಕರ ಮುಂದಿಡುತ್ತೇವೆ.

ಒಂಬತ್ತನೆಯ ತರಗತಿಗೆ ವಸಂತವರ್ಣನೆಯ ಹಳಗನ್ನಡ ಪದ್ಯಗಳನ್ನು ಬೋಧಿಸುತ್ತಿದ್ದೆವು. ಮಾವು ಚಿಗುರಿತು, ಕೋಗಿಲೆ ಉಲಿಯಿತು, ಮಲಯಮಾರುತ ತೀಡಿತು ಎಂದು ಅನ್ವಯ ಹೇಳಿ, ಪ್ರತಿಪದಾರ್ಥ ಬರೆಯಿಸಿ ಮುಗಿಸಿದ್ದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದುನಿಂತು, 'ಸಾರ್, ಈ ಮಲಯಮಾರುತ ನಮ್ಮೂರಿಗೆ ಯಾವ ತಿಂಗಳಲ್ಲಿ ಬರ್ತದೆ?' ಎಂದು ಕೇಳಿದಳು. ಹೊರಗೆ ಚೈತ್ರದ ಬಿಸಿಲು. ಶಾಲೆಯ ಅಂಗಳದಲ್ಲಿ ಸುಂಟರಗಾಳಿಯೊಂದು ತರಗೆಲೆಗಳನ್ನು ಸುತ್ತಿ ಎತ್ತುತ್ತಿತ್ತು. ನಾವು 'ಅದು ಪರೀಕ್ಷೆಗೆ ಬರ್ತದೆ, ಕೂತುಕೋಮ್ಮ' ಎಂದೆವು. ತರಗತಿ ನಕ್ಕಿತು, ನಾವೂ ನಕ್ಕೆವು. ಆ ಹುಡುಗಿ ಮಾತ್ರ ನಗಲಿಲ್ಲ. ಅನಂತರ ಅವಳು ಪ್ರಶ್ನೆ ಕೇಳಿದ್ದನ್ನೂ ನಾವು ಕಾಣಲಿಲ್ಲ.

ಕಳೆದ ವರ್ಷ ನಮ್ಮ ಮೊಮ್ಮಗಳು ಬೆಂಗಳೂರಿನಲ್ಲಿ ನಡೆಯುವ 'ಜಪಾನ್ ಹಬ್ಬ'ಕ್ಕೆ ಹೋಗಿ, ಅಲ್ಲಿ ಚಹಾವಿಧಿಯ ಪ್ರಾತ್ಯಕ್ಷಿಕೆಯನ್ನು ಕಂಡು ಬಂದಳು. ಬಟ್ಟಲನ್ನು ಎರಡು ಕೈಗಳಿಂದ ಎತ್ತಿ, ಅದರ ಅಂದವಾದ ಮುಖ ತನ್ನ ತುಟಿಗೆ ತಾಗದಂತೆ ಕೊಂಚ ತಿರುಗಿಸಿ, ಆಮೇಲೆ ಕುಡಿಯುತ್ತಾರಂತೆ. 'ಒಂದು ಲೋಟ ಚಹಾಕ್ಕೆ ಇಷ್ಟೊಂದು ಸಮಯವೇ ತಾತ?' ಎಂದು ಅವಳಿಗೆ ಸೋಜಿಗ. ನಮ್ಮ ಕುತೂಹಲವನ್ನು ಕಂಡು ಎರಡು ಪುಸ್ತಕಗಳನ್ನು ತರಿಸಿಕೊಟ್ಟಳು. ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ನಿಧಾನವಾಗಿ ಓದಿದೆವು.

ಮೊದಲನೆಯದು ಒಕಾಕುರಾ ಕಾಕುಝೊ ಅವರ 'ದಿ ಬುಕ್ ಆಫ್ ಟೀ'. ಇದು ಇಂಗ್ಲಿಷಿನಲ್ಲಿಯೇ ಬರೆಯಲ್ಪಟ್ಟು 1906ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಒಕಾಕುರಾ ಭಾರತಕ್ಕೆ ಅಪರಿಚಿತರಲ್ಲ. 1902ರಲ್ಲಿ ಅವರು ಇಲ್ಲಿದ್ದು, ಸ್ವಾಮಿ ವಿವೇಕಾನಂದರನ್ನು ಕಂಡು, ಕಲ್ಕತ್ತೆಯ ಠಾಕೂರರ ಮನೆತನದೊಂದಿಗೆ ಸ್ನೇಹ ಬೆಳೆಸಿದವರು. ಏಷ್ಯಾ ಖಂಡವೆಲ್ಲ ಒಂದೆಂಬ ಅವರ ವಾದದ ಗ್ರಂಥಕ್ಕೆ ಮುನ್ನುಡಿ ಬರೆದವರು ಸೋದರಿ ನಿವೇದಿತಾ. ಚಹಾದ ಪುಸ್ತಕ ಏಳೇ ಅಧ್ಯಾಯಗಳ ಚಿಕ್ಕ ಹೊತ್ತಗೆ. ಚಹಾದ ಇತಿಹಾಸ, ತಾವೊ ಮತ್ತು ಝೆನ್ ದರ್ಶನಗಳು, ಚಹಾದ ಕೋಣೆ, ಕಲಾಸ್ವಾದನೆ, ಹೂವು ಇವನ್ನೆಲ್ಲ ಹೇಳಿ, ಕಡೆಗೆ ಸೆನ್ ನೊ ರಿಕ್ಯು ಎಂಬ ಮಹಾನ್ ಚಹಾಗುರುವಿನ ಮರಣದೊಂದಿಗೆ ಮುಗಿಯುತ್ತದೆ. ರಿಕ್ಯು 1522ರಲ್ಲಿ ಹುಟ್ಟಿದವನು. ದೇಶವನ್ನಾಳುತ್ತಿದ್ದ ಹಿದೆಯೊಶಿ ಅವನಿಂದ ಚಹಾ ಕಲಿತವನು. ಅದೇ ಹಿದೆಯೊಶಿಯ ಆಜ್ಞೆಯಂತೆ 1591ರಲ್ಲಿ ರಿಕ್ಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಯಿತು.

ಒಕಾಕುರಾ ಅವರ ಗದ್ಯಕ್ಕೆ ಕಾಂತಿಯಿದೆ. ಆದರೆ ಗುಣದೊಂದಿಗೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಅವರು ಬರೆದದ್ದು ಪಾಶ್ಚಾತ್ಯ ಓದುಗರಿಗಾಗಿ. ತಮ್ಮ ನಾಡನ್ನು ಕೀಳಾಗಿ ಕಂಡವರ ಮುಂದೆ ಮಂಡಿಸಿದ ವಕಾಲತ್ತಿನ ಧ್ವನಿ ಪುಸ್ತಕದ ಉದ್ದಕ್ಕೂ ಕೇಳಿಸುತ್ತದೆ. ಚಹಾ ಏಕೆ ಶ್ರೇಷ್ಠವೆಂದು ಅವರು ಹೇಳುತ್ತಾರೆ. ಒಬ್ಬ ಸಾಧಾರಣ ಮನುಷ್ಯ ಮಾಘದಲ್ಲಿ, ವೈಶಾಖದಲ್ಲಿ, ಆಷಾಢದಲ್ಲಿ ಅದನ್ನು ಹೇಗೆ ಮಾಡುತ್ತಾನೆಂದು ಹೇಳುವುದು ಕಡಿಮೆ. ಅವರ ಪುಸ್ತಕ ಚಹಾದ ವರ್ಣನೆ. ಹೊರಗಿನವರಿಗೆ ನಮ್ಮದನ್ನು ಹೊಗಳಿ ತೋರಿಸಬೇಕಾದ ಅಗತ್ಯ ಬಂದಾಗ ಯಾವ ಜನಾಂಗದ ಬರಹವಾದರೂ ಈ ದಾರಿಯನ್ನೇ ಹಿಡಿಯುತ್ತದೆಂದು ತೋರುತ್ತದೆ. ಗಡಿನಾಡಿನ ಕನ್ನಡಿಗರಾದ ನಮಗೆ ಈ ಧ್ವನಿ ಚಿರಪರಿಚಿತ.

ಎರಡನೆಯ ಪುಸ್ತಕ ಮೊರಿಶಿತಾ ನೊರಿಕೊ ಎಂಬ ಲೇಖಕಿಯದು. ಜಪಾನಿ ಭಾಷೆಯಲ್ಲಿ 2002ರಲ್ಲಿ ಬಂದ ಇದರ ಹೆಸರಿಗೆ 'ಪ್ರತಿದಿನವೂ ಒಳ್ಳೆಯ ದಿನ' ಎಂದು ಅರ್ಥ. ಅದು ಒಂದು ಹಳೆಯ ಝೆನ್ ವಾಕ್ಯ. 2018ರಲ್ಲಿ ಇದು ಚಲನಚಿತ್ರವೂ ಆಯಿತು, ಇಂಗ್ಲಿಷಿಗೂ ಬಂದಿತು. ಲೇಖಕಿ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ನೆರೆಯ ಹಿರಿಯ ಮಹಿಳೆಯೊಬ್ಬರಲ್ಲಿ ಚಹಾ ಕಲಿಯಲು ಹೋದಳು. ವಾರಕ್ಕೊಮ್ಮೆಯ ಪಾಠ ಇಪ್ಪತ್ತು ವರ್ಷಗಳನ್ನೂ ಮೀರಿ ಮುಂದುವರಿಯಿತು. ಆ ವರ್ಷಗಳ ಕಥೆಯೇ ಪುಸ್ತಕ. ಇದರಲ್ಲಿ ವಾದವಿಲ್ಲ, ಹೊಗಳಿಕೆಯಿಲ್ಲ. ಕಾಲ ಮರಗಟ್ಟುವುದು, ಕೈತಪ್ಪುವುದು, ಬೇಸರ, ತಂದೆಯ ಸಾವು, ಮತ್ತೆ ಬರುವ ವಾರದ ಪಾಠ. ಒಕಾಕುರಾ ಬಿಟ್ಟುಕೊಟ್ಟ ಜಾಗವನ್ನು ಈಕೆ ತುಂಬಿದ್ದಾಳೆ. ಸಾಹಿತ್ಯವಾಗಿ ಒಕಾಕುರಾ ಅವರದು ಎತ್ತರದ ಕೃತಿಯಿರಬಹುದು. ಸತ್ಯಕ್ಕೆ ಹತ್ತಿರವಾದುದು ಮೊರಿಶಿತಾ ಅವರದೆಂಬುದು ನಮ್ಮ ಅಭಿಪ್ರಾಯ.

ಈ ವಿಧಿಯ ಕ್ರಮವನ್ನು ಸ್ಥೂಲವಾಗಿಯಾದರೂ ತಿಳಿಯದೆ ಮುಂದಿನ ಮಾತು ಅರ್ಥವಾಗದು. ನಾವು ಕುಡಿಯುವಂತೆ ಹಾಲು ಸಕ್ಕರೆ ಹಾಕಿ ಕುದಿಸಿದ ಚಹಾ ಅಲ್ಲಿಯದಲ್ಲ. ಹಸಿರು ಎಲೆಯ ನುಣ್ಣನೆಯ ಪುಡಿಯನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಬೆರೆಸಿ, ಬಿದಿರಿನ ಕಡೆಗೋಲಿನಂಥದರಿಂದ ಕಡೆದು ಕೊಡುತ್ತಾರೆ. ನೀರು ಕಾಯಿಸುವ ಒಲೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ನವೆಂಬರಿನಿಂದ ಏಪ್ರಿಲಿನವರೆಗೆ ನೆಲವನ್ನು ತೋಡಿ ಮಾಡಿದ ಅಗ್ಗಿಷ್ಟಿಕೆ. ಅತಿಥಿಗಳಿಗೆ ಬೆಂಕಿಯ ಸಮೀಪ್ಯ ಸಿಗಲೆಂದು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಆ ಕುಳಿಯನ್ನು ಮುಚ್ಚಿ, ಅತಿಥಿಗಳಿಂದ ದೂರದಲ್ಲಿ ಸಣ್ಣ ಒಲೆಯನ್ನಿಡುತ್ತಾರೆ. ಒಲೆ ಬದಲಾದೊಡನೆ ಕುಳಿತುಕೊಳ್ಳುವ ದಿಕ್ಕು, ಸೌಟು ಇಡುವ ರೀತಿ, ಹೆಜ್ಜೆಯ ಲೆಕ್ಕ ಎಲ್ಲವೂ ಬದಲು. ಆರು ತಿಂಗಳು ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕು. ಬೇಸಿಗೆಯ ಬಟ್ಟಲು ಅಗಲವಾಗಿ ತಟ್ಟೆಯಂತಿರುತ್ತದೆ, ಬಿಸಿ ಬೇಗ ಆರಲೆಂದು. ಕಡುಚಳಿಯಲ್ಲಿ ಆಳವಾದ ಕೊಳವೆಯಂಥ ಬಟ್ಟಲು, ಬಿಸಿ ನಿಲ್ಲಲೆಂದು. ಗೋಡೆಯ ಮೇಲಿನ ಬರಹದ ಸುರುಳಿ, ಒಂದೇ ಒಂದು ಹೂವು, ಸಿಹಿತಿಂಡಿಯ ಆಕಾರ ಎಲ್ಲವೂ ಆಯಾ ದಿನದ್ದು. ಬಿರುಬೇಸಿಗೆಯಲ್ಲಿ ತಣ್ಣೀರ ಪಾತ್ರೆಗೆ ಮುಚ್ಚಳದ ಬದಲು ಒಂದು ಹಸಿರೆಲೆಯನ್ನು ಮುಚ್ಚುವ ಪದ್ಧತಿಯುಂಟು. ಆ ಎಲೆ ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಮರದ್ದೆಂದು ಓದಿದಾಗ, ರೇಷ್ಮೆಹುಳುವಿಗೆ ಸೊಪ್ಪು ಹಾಕುವ ನಮ್ಮ ಸೀಮೆಯ ಮನೆಗಳು ನೆನಪಾದವು.

ರಿಕ್ಯುವಿನದೆಂದು ಹೇಳುವ ಏಳು ನಿಯಮಗಳಿವೆ. ಬೇಸಿಗೆಯಲ್ಲಿ ತಂಪನ್ನೂ ಚಳಿಯಲ್ಲಿ ಬೆಚ್ಚನೆಯನ್ನೂ ಒದಗಿಸು, ಹೂವನ್ನು ಅದು ಹೊಲದಲ್ಲಿದ್ದಂತೆಯೇ ಇಡು, ಮಳೆ ಬಾರದಿದ್ದರೂ ಮಳೆಗೆ ಸಿದ್ಧನಾಗಿರು ಎಂಬವು ಅವುಗಳಲ್ಲಿ ಸೇರಿವೆ. ಇಷ್ಟು ಸರಳವಾದದ್ದು ಯಾರಿಗೆ ತಿಳಿಯದೆಂದು ಒಬ್ಬನು ಹಂಗಿಸಿದಾಗ, ಇವನ್ನು ತಪ್ಪದೆ ನಡೆಸುವವನಿದ್ದರೆ ನಾನೇ ಅವನ ಶಿಷ್ಯನಾಗುವೆನೆಂದು ರಿಕ್ಯು ಹೇಳಿದನೆಂಬುದು ಐತಿಹ್ಯ. ಮಳೆಯನ್ನು ಕುರಿತ ನಿಯಮವನ್ನು ಓದಿ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆವು. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸಿನ ಮಳೆಯನ್ನು ನಂಬಿರುವ ಅನಂತಪುರ ಸೀಮೆಯ ರೈತ, ಕೂರಿಗೆಯನ್ನು ಸಜ್ಜುಮಾಡಿ, ಬಿತ್ತನೆಬೀಜವನ್ನು ಹಸನುಮಾಡಿ ಮುಗಿಲು ನೋಡುವುದು ಈ ನಿಯಮದ ಪಾಲನೆಯೇ ಅಲ್ಲವೇ? ಅವನಿಗೆ ಗುರುವೆಂಬ ಬಿರುದನ್ನು ಯಾರೂ ಕೊಟ್ಟಿಲ್ಲ, ಅಷ್ಟೆ.

ಮೊರಿಶಿತಾ ಅವರ ಪುಸ್ತಕದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಎರಡು ಸಂದರ್ಭಗಳನ್ನು ಹೇಳಬೇಕು. ಹಲವು ವರ್ಷಗಳ ಅಭ್ಯಾಸದ ಬಳಿಕ ಒಂದು ದಿನ ಆಕೆಗೆ ಬಿಸಿನೀರು ಸುರಿಯುವ ಸದ್ದೂ ತಣ್ಣೀರು ಸುರಿಯುವ ಸದ್ದೂ ಬೇರೆಯೆಂದು ಕೇಳಿಸುತ್ತದೆ. ಮುಂಗಾರಿನ ಮಳೆಯ ಸದ್ದಿಗೂ ಶರತ್ಕಾಲದ ಮಳೆಯ ಸದ್ದಿಗೂ ಭೇದ ತಿಳಿಯುತ್ತದೆ. ಮೊದಲು ಆಕಾರವನ್ನು ಕಲಿ, ಹೃದಯ ಆಮೇಲೆ ಅದರೊಳಗೆ ಬರುತ್ತದೆಂದು ಗುರು ಹೇಳಿದ್ದರ ಅರ್ಥ ಆಗ ಆಕೆಗೆ ಹೊಳೆಯುತ್ತದೆ. ಇನ್ನೊಂದು ಸಂದರ್ಭ ಹೊಸವರ್ಷದ್ದು. ಅಲ್ಲಿ ಹನ್ನೆರಡು ವರ್ಷಗಳ ಚಕ್ರ. ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು. ಆ ವರ್ಷದ ಪ್ರಾಣಿಯ ಚಿತ್ರವಿರುವ ಬಟ್ಟಲನ್ನು ಹೊರತೆಗೆದರೆ, ಮತ್ತೆ ಅದು ಹೊರಬರುವುದು ಹನ್ನೆರಡು ವರ್ಷಗಳ ಮೇಲೆ. ವಯಸ್ಸಾದ ಗುರು ಆ ಬಟ್ಟಲನ್ನು ನೋಡುವ ನೋಟದಲ್ಲಿ ಹೇಳದೆ ಉಳಿದುದೆಲ್ಲ ಇದೆ.

ನಮ್ಮ ಸಂವತ್ಸರಚಕ್ರ ಅದಕ್ಕಿಂತಲೂ ದೊಡ್ಡದು. ನಾವು ವಿಕೃತಿನಾಮ ಸಂವತ್ಸರದಲ್ಲಿ, ಎಂದರೆ 1950ರಲ್ಲಿ ಹುಟ್ಟಿದವರು. ವಿಕೃತಿ ಮತ್ತೆ ಬಂದದ್ದು 2010ರ ಯುಗಾದಿಗೆ. ಇನ್ನೊಮ್ಮೆ ಬರುವುದು 2070ಕ್ಕೆ, ಆಗ ನಾವಿರುವುದಿಲ್ಲ. ಪ್ರತಿ ಯುಗಾದಿಯಂದು ಪಂಚಾಂಗಶ್ರವಣದಲ್ಲಿ ಸಂವತ್ಸರದ ಹೆಸರು ಕೇಳುತ್ತಲೇ ಬಂದಿದ್ದೇವೆ. ಆದರೆ ಆ ಬಟ್ಟಲನ್ನು ಕುರಿತು ಓದುವವರೆಗೆ, ಆ ಹೆಸರುಗಳು ಒಬ್ಬ ಮನುಷ್ಯನ ಆಯುಷ್ಯದ ಅಳತೆಗೋಲೆಂದು ನಮಗೆ ತೋರಿರಲಿಲ್ಲ. ಬೇವುಬೆಲ್ಲವನ್ನು ಶಾಸ್ತ್ರಕ್ಕೆಂದು ಬಾಯಿಗೆ ಹಾಕಿಕೊಂಡು ಎದ್ದುಹೋದ ವರ್ಷಗಳೇ ಹೆಚ್ಚು.

ಇಲ್ಲಿಂದ ನಮ್ಮ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಪರಂಪರೆಯಲ್ಲಿ ಋತುವಿನೊಡನೆ ಸಂಬಂಧ ಬೆಸೆಯುವ ಎರಡು ಶಬ್ದಗಳಿವೆ. ಒಂದು ಋತುವರ್ಣನೆ, ಅದು ಅಲಂಕಾರಶಾಸ್ತ್ರದ್ದು. ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಅದೂ ಸೇರಿದೆ. ಇನ್ನೊಂದು ಋತುಚರ್ಯೆ, ಅದು ಆಯುರ್ವೇದದ್ದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಆ ಹೆಸರಿನ ಅಧ್ಯಾಯವೇ ಇದೆ. ಯಾವ ಋತುವಿನಲ್ಲಿ ಏನನ್ನು ಉಣ್ಣಬೇಕು, ಹೇಗೆ ಮಲಗಬೇಕು, ಏನನ್ನು ಬಿಡಬೇಕೆಂಬುದು ಅದರ ವಿಷಯ. ಮೊದಲನೆಯದು ಕಣ್ಣಿಗೂ ನಾಲಗೆಗೂ ಸಂಬಂಧಿಸಿದ್ದು, ಎರಡನೆಯದು ಮೈಗೆ. ಜಪಾನಿನ ಚಹಾವಿಧಿಯ ವೈಶಿಷ್ಟ್ಯ ಈ ಎರಡೂ ಒಂದೇ ಕೋಣೆಯಲ್ಲಿ ಕೂಡಿರುವುದು. ಅಲ್ಲಿ ಋತುವನ್ನು ವರ್ಣಿಸುವ ಬದಲು ಆಚರಿಸುತ್ತಾರೆ. ಆ ಆಚರಣೆಯೇ ವರ್ಣನೆಯಾಗುತ್ತದೆ. ನಮ್ಮಲ್ಲಿ ಕವಿ ವರ್ಣಿಸಿದ, ವೈದ್ಯ ವಿಧಿಸಿದ. ಇಬ್ಬರೂ ಒಬ್ಬರ ಮನೆಗೊಬ್ಬರು ಹೋದದ್ದು ಅಪರೂಪ.

ಹಾಗಾದರೆ ನಮ್ಮ ಕಾವ್ಯದ ಋತುವರ್ಣನೆಯೆಲ್ಲ ಬರಿಯ ಕವಿಸಮಯವೇ? ಹಾಗೆಂದರೆ ಅನ್ಯಾಯವಾದೀತು. ಪಂಪನನ್ನೇ ನೋಡಿ. 'ವಿಕ್ರಮಾರ್ಜುನವಿಜಯ'ದಲ್ಲಿ ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಬನವಾಸಿಯ ಪದ್ಯಗಳನ್ನು ಅರಿಯದ ಕನ್ನಡಿಗನಿಲ್ಲ. ಅಲ್ಲಿಯೂ ತೆಂಕಣ ಗಾಳಿ ಬೀಸುತ್ತದೆ, ಮಲ್ಲಿಗೆ ಅರಳುತ್ತದೆ, ಕೋಗಿಲೆಯೂ ಉಂಟು. ಸಾಮಗ್ರಿಯೆಲ್ಲ ಕವಿಸಮಯದ್ದೇ. ಆದರೂ ಆ ಪದ್ಯಗಳು ಸಾವಿರ ವರ್ಷಗಳ ಮೇಲೆಯೂ ಎದೆಗೆ ನಾಟುವುದೇಕೆ? ಅಲ್ಲಿ ಬೀಸುವುದು ಒಂದು ಹೆಸರುಳ್ಳ ನಾಡಿನ ಗಾಳಿ. ಕವಿಯ ಆಶ್ರಯದಾತನಾದ ಅರಿಕೇಸರಿ ಆಳಿದ್ದು ವೇಮುಲವಾಡದಿಂದ. ಅದು ಇಂದಿನ ತೆಲಂಗಾಣ. ತೆಲುಗು ಸೀಮೆಯಲ್ಲಿ ಕುಳಿತು ದೂರದ ಬನವಾಸಿಯ ಗಾಳಿಯನ್ನು ಮೈಯಲ್ಲಿ ನೆನೆದವನ ಮಾತು ಅದು. ನೆನಪು ಮೈಗೆ ಇಳಿದಾಗ ವರ್ಣನೆಯೂ ಚರ್ಯೆಯಾಗುತ್ತದೆ. ಅದೇ ಗಾಳಿಯನ್ನು ಮುಂದಿನ ಹಲವರು ಪಂಪನ ಪುಟದಿಂದ ಎರವಲು ತಂದರು. ಆಗ ಅದು ಎಲ್ಲಿಯದೂ ಅಲ್ಲದ ಗಾಳಿಯಾಯಿತು. ನಾವು ತರಗತಿಯಲ್ಲಿ ಮಾಡಿದ ತಪ್ಪು ಈ ಭೇದವನ್ನು ಮಕ್ಕಳಿಗೆ ತೋರಿಸದಿದ್ದುದು. ಬನವಾಸಿ ಘಟ್ಟದ ಸೆರಗಿನ ಊರು, ಅಲ್ಲಿಗೆ ಆ ಗಾಳಿ ನಿಜ. ಅಗಳಿ ಬಯಲುಸೀಮೆ, ಇಲ್ಲಿಯ ಗಾಳಿಯೇ ಬೇರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕನ್ನಡದಲ್ಲಿ ಚಹಾದ ಕೋಣೆಗೆ ಅತಿ ಹತ್ತಿರವಾದುದು ಯಾವುದೆಂದು ಕೇಳಿದರೆ ನಾವು ಮುದ್ದಣನ 'ಶ್ರೀರಾಮಾಶ್ವಮೇಧ'ದ ಆರಂಭವನ್ನು ತೋರಿಸುತ್ತೇವೆ. ಮಳೆಗಾಲ. ಮನೆಗೆ ಬಂದ ಪತಿಯನ್ನು ಮನೋರಮೆ ಎದುರುಗೊಳ್ಳುತ್ತಾಳೆ, ಉಪಚರಿಸುತ್ತಾಳೆ, ಹಾಲು ಹಣ್ಣು ತಾಂಬೂಲಗಳನ್ನು ಕೊಡುತ್ತಾಳೆ. ಆ ಮೇಲೆ ಹೊತ್ತು ಹೋಗಲೆಂದು ಕಥೆ ಬೇಡುತ್ತಾಳೆ, ಅದೂ ಗದ್ಯದಲ್ಲಿ. ಇಬ್ಬರು ಮನುಷ್ಯರು, ಒಂದು ಋತು, ಒಂದು ಸತ್ಕಾರ, ಒಂದು ಸಂವಾದ. ಹೊರಗಿನ ಮಳೆಗೂ ಒಳಗಿನ ಬೆಚ್ಚನೆಗೂ ಇರುವ ಸಂಬಂಧವೇ ಕಥೆಯ ಬಾಗಿಲು. ಇಲ್ಲಿ ಮಳೆಗಾಲದ ವರ್ಣನೆ ಅಷ್ಟಾದಶದ ಲೆಕ್ಕ ತುಂಬಲು ಬಂದುದಲ್ಲ. ಮಳೆಯಿಲ್ಲದಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ. ಬರೆದವನು ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಬಡವ. 1901ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗದಿಂದ ತೀರಿಕೊಂಡ. ಕೃತಿಯನ್ನು ತನ್ನದೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನದೆಂಬಂತೆ ಅಚ್ಚಿಗೆ ಕಳುಹಿಸಿದವನು. ಹೆಸರನ್ನು ಹಿಂದಿಟ್ಟು ಕೆಲಸವನ್ನು ಮುಂದಿಟ್ಟ ಈ ಶಾಲಾಶಿಕ್ಷಕನ ಎದುರು ನಮ್ಮಂಥ ಶಿಕ್ಷಕರು ತಲೆಬಾಗಬೇಕು.

ಇನ್ನು ನಮ್ಮ ಸೀಮೆಯ ಋತುಚರ್ಯೆ. ಜಪಾನೀಯರು ಚೀನದಿಂದ ಪಡೆದ ಪಂಚಾಂಗದಂತೆ ವರ್ಷವನ್ನು 24 ಭಾಗಗಳಾಗಿಯೂ, ಮತ್ತೆ ಐದೈದು ದಿನಗಳ 72 ಭಾಗಗಳಾಗಿಯೂ ವಿಭಾಗಿಸಿಕೊಂಡಿದ್ದಾರೆಂದು ಓದಿ ಬೆರಗಾಗುವ ನಾವು, ನಮ್ಮ ರೈತ ವರ್ಷವನ್ನು 27 ನಕ್ಷತ್ರಗಳ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಅಳೆದಿರುವುದನ್ನು ಮರೆತಿದ್ದೇವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಈ ಗಾದೆಗಳಲ್ಲಿ ಋತು ಒಂದು ದೃಶ್ಯವಲ್ಲ, ಕೆಲಸ. ಯುಗಾದಿಯ ಹೊತ್ತಿಗೆ ಬೇವು ಹೂಬಿಟ್ಟಿರುತ್ತದೆ, ಹೊಂಗೆ ಚಿಗುರಿರುತ್ತದೆ. ಆದ್ದರಿಂದಲೇ ಬೇವುಬೆಲ್ಲ, ಹೊಂಗೆಯ ನೆರಳು. ರಾಮನವಮಿಯ ಬಿಸಿಲಿಗೆ ಪಾನಕ, ಕೋಸಂಬರಿ. ಕಡುಬೇಸಿಗೆಗೆ ರಾಗಿ ಅಂಬಲಿ, ನೀರುಮಜ್ಜಿಗೆ. ಸಂಕ್ರಾಂತಿಯ ಚಳಿಗೆ ಎಣ್ಣೆಯಂಶವಿರುವ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ. ಬಿರುಬಿಸಿಲಿನಲ್ಲಿ ದಾರಿಹೋಕರಿಗೆ ನೀರಿಡುವ ಅರವಟ್ಟಿಗೆ. ರಿಕ್ಯು ಬಂದು ನೋಡಿದ್ದರೆ ತಂಪು ಮತ್ತು ಬೆಚ್ಚನೆಯ ನಿಯಮಕ್ಕೆ ಇವಕ್ಕಿಂತ ಒಳ್ಳೆಯ ಭಾಷ್ಯವನ್ನು ಕೇಳುತ್ತಿರಲಿಲ್ಲ. ಈ ಒಣನೆಲದ ಬದುಕನ್ನು ನಮ್ಮ ನೆರೆಯ ತೆಲುಗಿನಲ್ಲಿ ವಿದ್ವಾನ್ ವಿಶ್ವಂ ಅವರು 'ಪೆನ್ನೇಟಿ ಪಾಟ'ದಲ್ಲಿ ಹಾಡಿದರು. ಈ ಸೀಮೆಯ ಕನ್ನಡಿಗರಾದ ನಾವು ಮಲಯಮಾರುತವನ್ನು ಬಾಯಿಪಾಠ ಮಾಡಿಸುತ್ತ ಕುಳಿತಿದ್ದೆವು.

ಹೀಗೆ ಹೇಳುವಾಗ ಚಹಾವಿಧಿಯನ್ನೂ ನಮ್ಮ ಆಚಾರವನ್ನೂ ನಿರ್ವಿಮರ್ಶೆಯಿಂದ ಕೊಂಡಾಡುವ ಅಪಾಯವಿದೆ. ರಿಕ್ಯುವಿನದೆಂದು ಉಳಿದುಬಂದಿರುವ ಚಹಾದ ಕೋಣೆ ಎರಡೇ ಚಾಪೆಗಳಷ್ಟು ಕಿರಿದು, ಮಣ್ಣಿನ ಗೋಡೆಯದು. ಅವನ ಒಡೆಯ ಹಿದೆಯೊಶಿ ಚಿನ್ನದ ತಗಡು ಹೊದಿಸಿದ ಚಹಾಕೋಣೆಯನ್ನೇ ಕಟ್ಟಿಸಿಕೊಂಡಿದ್ದ. ಸರಳತೆಯ ಸಾಧನೆ ಸಿರಿವಂತರ ಪ್ರದರ್ಶನವಾಗುವುದಕ್ಕೆ ಹೆಚ್ಚು ಕಾಲ ಬೇಕಾಗದು. ಪರಿಕರಗಳ ಬೆಲೆ, ಪೀಠಗಳ ಹಿರಿಮೆ, ಯೋಗ್ಯತಾಪತ್ರಗಳು ಅಲ್ಲಿಯೂ ಇವೆ. ನಮ್ಮಲ್ಲಿ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ರಿಕ್ಯುವಿನ ಪಕ್ಕದಲ್ಲಿ ನಿಲ್ಲಬಲ್ಲ ಗುರು ಆಕೆ. ಆದರೆ ಇಂದು ನಮ್ಮ ಹಬ್ಬಗಳು ಲಕ್ಕಮ್ಮನ ಮಾತನ್ನು ಕೇಳುತ್ತಿವೆಯೇ?

ಎರಡನೆಯ ಮಾತು ನಮಗೇ ಮುಜುಗರದ್ದು. ಚಹಾದ ಕೋಣೆಯಲ್ಲಿ ಆತಿಥೇಯನೇ ಕೆಂಡ ಹಾಕುತ್ತಾನೆ, ಬಟ್ಟಲನ್ನು ತಾನೇ ಒರೆಸಿ ತೊಳೆಯುತ್ತಾನೆ. ನಮ್ಮ ಮನೆಗಳ ಋತುಚರ್ಯೆಯನ್ನು ನಡೆಸಿದವರು ಹೆಂಗಸರು. ಎಳ್ಳು ಹುರಿದವರು, ಬೇವಿನ ಹೂ ಬಿಡಿಸಿದವರು, ಪಾನಕಕ್ಕೆ ಬೆಲ್ಲ ಕುಟ್ಟಿದವರು ಅವರು. ನಾವು ಜಗಲಿಯಲ್ಲಿ ಕುಳಿತು ಸಂಸ್ಕೃತಿಯನ್ನು ಕುರಿತು ಭಾಷಣ ಸಿದ್ಧಪಡಿಸಿದೆವು. ಐವತ್ತು ವರ್ಷ ನಮ್ಮ ಮನೆಯಲ್ಲಿ ವರ್ಣನೆ ನಮ್ಮದು, ಚರ್ಯೆ ನಮ್ಮ ಮನೆಯವರದು. ಈ ಲೇಖನದ ಕರಡನ್ನು ಓದಿ ಹೇಳಿದಾಗ ಅವರು, 'ಈಗಲಾದರೂ ಗೊತ್ತಾಯಿತಲ್ಲ' ಎಂದಷ್ಟೇ ಹೇಳಿ ಒಳಗೆ ಹೋದರು. ಮನೋರಮೆಯಂತೆ ಅವರೂ ಒಳ್ಳೆಯ ವಿಮರ್ಶಕಿ.

ಮೂರನೆಯ ಮಾತು ಎಲ್ಲಕ್ಕಿಂತ ಗಂಭೀರವಾದುದು. ಚಹಾದ ಕೋಣೆಗೆ ಒಳಹೋಗುವ ಬಾಗಿಲು ಎರಡಡಿಗಿಂತ ತುಸುವೇ ದೊಡ್ಡದು. ಎಂತಹ ಸಾಮಂತನಾದರೂ ಕತ್ತಿಯನ್ನು ಹೊರಗಿಟ್ಟು, ಮಂಡಿಯೂರಿ, ತಲೆ ತಗ್ಗಿಸಿ ನುಸುಳಬೇಕು. ಒಳಗೆ ಗಟ್ಟಿಚಹಾವನ್ನು ಅತಿಥಿಗಳೆಲ್ಲರೂ ಒಂದೇ ಬಟ್ಟಲಿನಿಂದ, ತುಟಿ ಸೋಕಿದ ಅಂಚನ್ನು ಒರೆಸಿ, ಒಬ್ಬರಾದ ಮೇಲೊಬ್ಬರು ಕುಡಿಯುತ್ತಾರೆ. ಇದನ್ನು ಓದುವಾಗ ನಮ್ಮ ಬಾಲ್ಯದ ಒಂದು ಚಹಾದಂಗಡಿ ಕಣ್ಣೆದುರು ಬಂದಿತು. ಊರಿನ ಹೆಸರು ಬೇಡ. ಅಂದು ಬಹಳ ಊರುಗಳು ಹಾಗೆಯೇ ಇದ್ದವು. ಸೂರಿನ ಕೆಳಗೆ ಗೋಡೆಯ ಗೂಡಿನಲ್ಲಿ ಬೇರೆ ಲೋಟಗಳಿರುತ್ತಿದ್ದವು. ನಮ್ಮ ಸಹಪಾಠಿಯೊಬ್ಬ ಹೊರಗೆ ನಿಂತು ಅದರಲ್ಲಿ ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕುತ್ತಿದ್ದ. ನಾವು ಒಳಗೆ ಕುಳಿತು ಕುಡಿಯುತ್ತಿದ್ದೆವು. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತು ವಚನಗಳನ್ನು ಒಟ್ಟಿಗೆ ಹೇಳುತ್ತಿದ್ದ ನಮಗೆ ಅಂದು ಏನೂ ಅನ್ನಿಸಲಿಲ್ಲ. ಅನ್ನಿಸದಿದ್ದುದೇ ಇಂದು ನಮ್ಮನ್ನು ಚುಚ್ಚುತ್ತದೆ. ಋತುವಿಗೆ ತಕ್ಕಂತೆ ಪಾನಕವನ್ನೂ ಅಂಬಲಿಯನ್ನೂ ಬಲ್ಲ ನಾಡು, ಬಟ್ಟಲಿನ ವಿಷಯದಲ್ಲಿ ಸೋತಿತ್ತು. ಚರ್ಯೆಯ ಹೊಗಳಿಕೆಯಲ್ಲಿ ಈ ಸೋಲನ್ನು ಮುಚ್ಚಿಡುವ ವಿಮರ್ಶೆ ವಿಮರ್ಶೆಯಲ್ಲ.

ಕಡೆಯದಾಗಿ ನಮ್ಮ ಸಂಘಕ್ಕೆ ಸಂಬಂಧಿಸಿದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಮಡಕಶಿರಾ ಸೀಮೆ ಆಂಧ್ರದಲ್ಲಿಯೇ ಉಳಿಯಿತು. 2022ರಲ್ಲಿ ನಮ್ಮ ಜಿಲ್ಲೆಯ ಹೆಸರೂ ಬದಲಾಯಿತು. ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿಯ ಕನ್ನಡ ಶಾಸನಗಳು ಸಾವಿರ ವರ್ಷಗಳ ಬಿಸಿಲು ಮಳೆಗಳನ್ನು ತಾಳಿ ನಿಂತಿವೆ. ಕಲ್ಲಿನಲ್ಲಿ ನಮ್ಮ ಕನ್ನಡ ಭದ್ರವಾಗಿದೆ. ನಾಲಗೆಯಲ್ಲಿ, ಕೈಬರಹದಲ್ಲಿ, ಅಂಗಡಿಯ ಚೀಟಿಯಲ್ಲಿ ಅಷ್ಟು ಭದ್ರವಾಗಿಲ್ಲ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದನ್ನು ನಮ್ಮ ಸೇವೆಯ ಕಡೆಯ ವರ್ಷಗಳಲ್ಲಿ ಹಾಜರಿ ಪುಸ್ತಕದಲ್ಲಿಯೇ ಕಂಡಿದ್ದೇವೆ.

ನಾವು ಇದಕ್ಕೆ ಮಾಡಿದ ಪ್ರತೀಕಾರವಾದರೂ ಏನು? ವರ್ಣನೆ. ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ, ಕನ್ನಡದ ಪ್ರಾಚೀನತೆಯನ್ನೂ ಮಾಧುರ್ಯವನ್ನೂ ಕೊಂಡಾಡಿ ಮನೆಗೆ ಹೋದೆವು. ನವೆಂಬರ್ ಕನ್ನಡಿಗರೆಂದು ಬೇರೆಯವರನ್ನು ಗೇಲಿಮಾಡುವ ನಾವೂ ಬೇರೆ ತಿಂಗಳುಗಳಲ್ಲಿ ಏನು ಮಾಡಿದೆವೆಂದು ಕೇಳಿಕೊಳ್ಳಬೇಕು. ಚಹಾದವರಿಗೂ ನವೆಂಬರೇ ಹೊಸವರ್ಷ. ಮೇ ತಿಂಗಳ ಎಳೆಯ ಎಲೆಯನ್ನು ಜಾಡಿಯಲ್ಲಿ ಮುಚ್ಚಿಟ್ಟು, ನವೆಂಬರಿನಲ್ಲಿ ಅದರ ಬಾಯಿ ತೆರೆಯುತ್ತಾರೆ. ಆದರೆ ತೆರೆದ ಜಾಡಿಯನ್ನು ಹೊಗಳಿ ಮತ್ತೆ ಮುಚ್ಚಿಡುವುದಿಲ್ಲ. ವರ್ಷವಿಡೀ ವಾರ ತಪ್ಪದೆ ಕುಡಿಯುತ್ತಾರೆ. ಭಾಷೆಯೂ ಹಾಗೆ ಒಂದು ಚರ್ಯೆ. ಮೊಮ್ಮಗುವಿಗೆ ಮಳೆನಕ್ಷತ್ರದ ಹೆಸರು ಹೇಳಿಕೊಡುವುದು, ಊರಿನ ಹೂವಿಗೆ ಊರಿನ ಹೆಸರಿಡುವುದು, ಲೆಕ್ಕವನ್ನು ಕನ್ನಡದಲ್ಲಿ ಬರೆಯುವುದು, ಮಗುವಿನ ಪ್ರಶ್ನೆಗೆ ಪರೀಕ್ಷೆಯ ನೆಪ ಹೇಳದೆ ಕನ್ನಡದಲ್ಲಿಯೇ ಉತ್ತರಿಸುವುದು. ಮೊದಲು ಆಕಾರ, ಹೃದಯ ಆಮೇಲೆ ಬರುತ್ತದೆ.

ಒಂದು ಸಣ್ಣ ಸಲಹೆಯೊಂದಿಗೆ ಮುಗಿಸುತ್ತೇವೆ. ನಮ್ಮ ಸಮ್ಮೇಳನಗಳ ಗೋಷ್ಠಿಗಳ ನಡುವೆ ಕಾಗದದ ಲೋಟದಲ್ಲಿ ಚಹಾ ಹಂಚುವುದು ರೂಢಿ. ಮುಂದಿನ ಸಲ ಸಮ್ಮೇಳನ ಯಾವ ಋತುವಿನಲ್ಲಿ ಬಂದರೆ ಆ ಋತುವಿನ ಪಾನೀಯವನ್ನು ಮಾಡೋಣ. ಬೇಸಿಗೆಯಾದರೆ ಪಾನಕ, ಇಲ್ಲವೇ ನೀರುಮಜ್ಜಿಗೆ. ಚಳಿಯಾದರೆ ಬೆಚ್ಚನೆಯ ರಾಗಿಗಂಜಿ. ಅದನ್ನು ಹೆಣ್ಣುಮಕ್ಕಳಿಗೆ ಒಪ್ಪಿಸದೆ, ವೇದಿಕೆಯ ಮೇಲೆ ಕೂರುವ ನಾವೇ ಕಲಸಿ, ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ, ಎದುರಿಗೆ ನಿಂತು ಕೈಗೆ ಕೊಡೋಣ. ಆ ಹೊತ್ತಿನ ಮಳೆ ಯಾವುದು, ಗಾಳಿ ಯಾವುದು, ಊರ ಹೊರಗೆ ಬಿಟ್ಟಿರುವ ಹೂವು ಯಾವುದೆಂದು ಒಂದೊಂದು ಮಗುವೂ ಒಂದೊಂದು ವಾಕ್ಯ ಹೇಳಲಿ.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಐವತ್ತರ ಹತ್ತಿರದ ಗೃಹಿಣಿಯಾಗಿರಬೇಕು. ಈ ಸಂಚಿಕೆ ಅವಳ ಕೈಗೆ ಸಿಕ್ಕರೆ, ತಡವಾದ ಉತ್ತರ ಇದು: ಅಮ್ಮಾ, ಮಲಯಮಾರುತ ನಮ್ಮೂರಿಗೆ ಯಾವ ತಿಂಗಳಲ್ಲಿಯೂ ಬರುವುದಿಲ್ಲ. ಅಂದು ಅಂಗಳದಲ್ಲಿ ತರಗೆಲೆ ಎತ್ತುತ್ತಿದ್ದ ಗಾಳಿಯೇ ನಮ್ಮ ವಸಂತದ ಗಾಳಿ. ಅದನ್ನು ಕುರಿತು ಪುಸ್ತಕದಲ್ಲಿ ಪದ್ಯವಿರಲಿಲ್ಲ. ಬರೆ ಎಂದು ನಿನಗೆ ನಾವು ಹೇಳಬೇಕಾಗಿತ್ತು.